ಹೊರಗಿನ ಹುಡುಗರಿಗೊಂದು ಜಗುಲಿ



ಹೋದ ಚಳಿಗಾಲ ನನ್ನ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಕೆಲವು ದಿನ ಓದಬೇಡಿ, ಮೊಬೈಲ್ ನೋಡಬೇಡಿ ಎಂದು ಡಾಕ್ಟರು ಹೇಳಿದ್ದರು. ಜಡೆಯ ನಮ್ಮ ಮನೆಯ ಜಗುಲಿಯೇ ನನಗೆ ಪ್ರಪಂಚವಾಯಿತು. ಕಣ್ಣಿನ ಕೆಲಸವನ್ನೆಲ್ಲ ಕಿವಿಯೇ ಮಾಡಬೇಕು. ಅಂಥ ಒಂದು ಭಾನುವಾರ ರಾತ್ರಿ ಮೊಮ್ಮಗಳ ಫೋನು ಬಂತು. ಅವಳು ಇಟಲಿಯ ಮಿಲಾನ್ ನಗರದಲ್ಲಿ ಓದುತ್ತಿದ್ದಾಳೆ. ನಮ್ಮಲ್ಲಿ ರಾತ್ರಿ ಹತ್ತೂವರೆ. ಅಲ್ಲಿ ಇನ್ನೂ ಸಂಜೆ ಆರು.

"ಅಜ್ಜಾ, ಫ್ರೆಂಡ್ಸ್ ಜೊತೆ ಬೊಲೋನ್ಯಾ ನೋಡೋಕೆ ಬಂದಿದ್ದೆ. ಫೋಟೋ ಕಳಿಸ್ಲಾ?"

"ಕಣ್ಣಿಗೆ ಪಟ್ಟಿ ಐತಲ್ಲ ಪುಟ್ಟಿ. ಬಾಯಲ್ಲೇ ಹೇಳು."

ಬಾಯಲ್ಲೇ ಹೇಳಿದಳು. ಮುಕ್ಕಾಲು ಗಂಟೆ ಹೇಳಿದಳು. ಬಾನುಲಿಯಲ್ಲೂ ಚಿತ್ರ ತೋರಿಸಲು ಬರುವುದಿಲ್ಲ. ಆದ್ದರಿಂದ ಅವಳು ನನಗೆ ಹೇಳಿದ ಹಾಗೆಯೇ ನಿಮಗೆ ಹೇಳುತ್ತೇನೆ. ಆಮೇಲೆ ನಾನು ಅವಳಿಗೆ ಹೇಳಿದ್ದನ್ನೂ ಹೇಳಬೇಕು. ಅವಳ ಮಾತು ಕೇಳುತ್ತಿದ್ದಂತೆ ನನಗೆ ಸುಮಾರು ಐವತ್ತು ವರ್ಷದ ಹಿಂದಿನ ಒಂದು ಪ್ರವಾಸ ನೆನಪಾಗಿತ್ತು. ನಾವು ನಾಲ್ವರು ಗೆಳೆಯರು ಜಡೆಯಿಂದ ಸೈಕಲ್ ತುಳಿದುಕೊಂಡು ಬಳ್ಳಿಗಾವಿಗೆ ಹೋದದ್ದು. ಬೊಲೋನ್ಯಾ, ಬಳ್ಳಿಗಾವಿ ಎರಡೂ ಹಳೆಯ ಊರುಗಳು. ಎರಡೂ ವಿದ್ಯಾರ್ಥಿಗಳ ಊರುಗಳು. ನಾನು ಇವತ್ತು ಎರಡೂ ಊರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ. ಓದಲಿಕ್ಕೆಂದು ಹೊರಗಿನಿಂದ ಬಂದ ಹುಡುಗನನ್ನು ಈ ಊರು ಹೇಗೆ ನೋಡಿಕೊಂಡಿತು?

ಮೊದಲು ಬೊಲೋನ್ಯಾ.

ಅದು ಉತ್ತರ ಇಟಲಿಯ ನಗರ. ಮಿಲಾನಿನಿಂದ ಅಗ್ಗದ ರೈಲಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ವಿದ್ಯಾರ್ಥಿಗಳು ಹತ್ತುವುದು ಅಗ್ಗದ ರೈಲನ್ನೇ. ಇವರೂ ನಾಲ್ವರು. ನನ್ನ ಮೊಮ್ಮಗಳು, ಧಾರವಾಡದ ಒಬ್ಬ ಹುಡುಗಿ, ಕೇರಳದ ಒಬ್ಬ ಹುಡುಗ, ಪೋಲೆಂಡ್ ದೇಶದ ಇನ್ನೊಬ್ಬ ಹುಡುಗಿ. ರೈಲಿಳಿದು ನಡೆದರೆ ಊರೆಲ್ಲ ಕೆಂಪು. ಇಟ್ಟಿಗೆಯ ಕೆಂಪು, ಹೆಂಚಿನ ಕೆಂಪು. ಊರ ನಡುವೆ ಇಟ್ಟಿಗೆಯ ಎರಡು ಗೋಪುರಗಳು ಅಕ್ಕಪಕ್ಕ ನಿಂತಿವೆ. ಕಟ್ಟಿ ಸುಮಾರು 900 ವರ್ಷವಾಗಿದೆ. ದೊಡ್ಡದರ ಎತ್ತರ ನೂರು ಮೀಟರಿಗೆ ತುಸು ಕಡಿಮೆ. ನಮ್ಮ ಅಡಿಕೆ ಮರಗಳನ್ನು ಒಂದರ ಮೇಲೊಂದು ಐದು ನಿಲ್ಲಿಸಿದಷ್ಟು ಎಂದುಕೊಳ್ಳಿ. ಚಿಕ್ಕದು ಅದರ ಅರ್ಧ. ಅದು ಮಳೆಗಾಲದಲ್ಲಿ ಬುಡ ಸಡಿಲಾದ ಬೇಲಿಗೂಟದ ಹಾಗೆ ವಾಲಿಕೊಂಡಿದೆ. ಡಿಗ್ರಿ ಮುಗಿಯುವ ಮುಂಚೆ ದೊಡ್ಡ ಗೋಪುರ ಹತ್ತಿದ ವಿದ್ಯಾರ್ಥಿಗೆ ಡಿಗ್ರಿ ಸಿಗುವುದಿಲ್ಲ ಎಂದು ಅಲ್ಲಿಯ ಹುಡುಗರು ನಂಬುತ್ತಾರೆ. ವಾಲಿದ ಗೋಪುರವನ್ನು ಭದ್ರಪಡಿಸುವ ಕೆಲಸಕ್ಕಾಗಿ 2023ರಿಂದ ಎರಡನ್ನೂ ಮುಚ್ಚಿದ್ದಾರೆ. ಹಾಗಾಗಿ ಇವಳ ಡಿಗ್ರಿಗೆ ತೊಂದರೆಯಿಲ್ಲ.

ಬೊಲೋನ್ಯಾದ ವಿಶ್ವವಿದ್ಯಾಲಯ ಯುರೋಪಿನಲ್ಲೇ ಹಳೆಯದು ಎಂದು ಹೆಸರಾಗಿದೆ. 1088ರಲ್ಲಿ ಶುರುವಾಯಿತೆಂದು ಲೆಕ್ಕ. 1988ರಲ್ಲಿ 900 ವರ್ಷದ ಹಬ್ಬ ಮಾಡಿದರು. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಎಂದು ಮುಂದೆ ಪುಸ್ತಕ ಬರೆದ ಕೋಪರ್ನಿಕಸ್ 1496ರಲ್ಲಿ ಇಲ್ಲಿಗೆ ಬಂದ. ಕಾನೂನು ಓದಲಿಕ್ಕೆಂದು ಬಂದವನು ಅವನು. ಅವನೂ ಪೋಲೆಂಡಿನಿಂದ ಬಂದವನೇ. ಗೆಳತಿ ಅದನ್ನು ಹೇಳುವಾಗ ದನಿಯಲ್ಲಿ ಹೆಮ್ಮೆಯಿತ್ತು ಎಂದಳು ಮೊಮ್ಮಗಳು.

ಇದೆಲ್ಲಕ್ಕಿಂತ ನನ್ನ ಮನಸ್ಸು ಹಿಡಿದದ್ದು ಅವಳು ಹೇಳಿದ ಇನ್ನೊಂದು ಸಂಗತಿ.

"ಅಜ್ಜಾ, ಇಲ್ಲಿ ಬೀದಿಗೆಲ್ಲ ಜಗುಲಿ ಇದೆ."

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದಳು. ಬೀದಿಯ ಎರಡೂ ಬದಿಯಲ್ಲಿ ಮನೆಗಳ ಮೇಲಂತಸ್ತು ಮುಂದಕ್ಕೆ ಚಾಚಿದೆ. ಅದನ್ನು ಕಂಬಗಳೂ ಕಮಾನುಗಳೂ ಹೊತ್ತಿವೆ. ಕೆಳಗೆ ನೆಲ ಮಟ್ಟಸ. ಅಲ್ಲಿ ಯಾರು ಬೇಕಾದರೂ ನಡೆಯಬಹುದು, ನಿಲ್ಲಬಹುದು. ಹಳೆಯ ಊರಿನೊಳಗೆ ಇಂಥ ಜಗುಲಿಯ ಉದ್ದ ಒಟ್ಟು ಸುಮಾರು 40 ಕಿಲೋಮೀಟರು. ಮಳೆ ಬಂದರೆ ಕೊಡೆ ಬೇಡ. ಆ ದಿನ ಮಳೆ ಬರುತ್ತಿತ್ತಂತೆ. ಇವರ ತಲೆ ನೆನೆಯಲಿಲ್ಲವಂತೆ.

ಇದು ಹುಟ್ಟಿದ್ದು ಹೇಗೆ? ಊರಿಗೆ ಜನ ಹೆಚ್ಚಿದರು. ಅವರಲ್ಲಿ ದೂರದಿಂದ ಓದಲು ಬಂದ ಹುಡುಗರೂ ಇದ್ದರು. ಅವರಿಗೆಲ್ಲ ಬಾಡಿಗೆಗೆ ಕೋಣೆ ಬೇಕು. ಜನ ತಮ್ಮ ಮಾಳಿಗೆಯನ್ನು ಬೀದಿಯ ಕಡೆಗೆ ಚಾಚಿ ಕೋಣೆ ಮಾಡಿದರು. ಬೀಳದಿರಲಿ ಎಂದು ಕೆಳಗೆ ಮರದ ಕಂಬ ಕೊಟ್ಟರು. ಬೇರೆ ಊರಾಗಿದ್ದರೆ ಬೀದಿ ಒತ್ತುವರಿ ಎಂದು ಕೆಡವಿಸುತ್ತಿದ್ದರು. ಬೊಲೋನ್ಯಾ 1288ರಲ್ಲಿ ಅದನ್ನೇ ಕಾನೂನು ಮಾಡಿತು. ಮನೆ ಕಟ್ಟುವವನು ಮುಂದೆ ಜಗುಲಿ ಬಿಡಲೇಬೇಕು. ಕುದುರೆಯ ಮೇಲೆ ಕೂತವನು ಹಾಯುವಷ್ಟು ಎತ್ತರವಿರಬೇಕು. ಜಾಗ ಮನೆಯವನದು, ನಡೆಯುವ ಹಕ್ಕು ಎಲ್ಲರದು. ನಮ್ಮ ಕಡೆಯ ಮನೆಗಳಲ್ಲಿ ಜಗುಲಿ ಹೇಗೋ ಹಾಗೆ. ಮನೆ ನಮ್ಮದು. ಜಗುಲಿ ದಾರಿಹೋಕನದೂ ಹೌದು.

ಆ ಊರಿನ ದೊಡ್ಡ ಚೌಕದ ಬಳಿ ಒಂದು ಕಮಾನಿನ ಮಂಟಪವಿದೆ. ಅದರ ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ, ಎದುರು ಮೂಲೆಯಲ್ಲಿ ಗೋಡೆಗೆ ಕಿವಿ ಇಟ್ಟವರಿಗೆ ಕೇಳುತ್ತದೆ. ನಡುವೆ ನಿಂತವರಿಗೆ ಕೇಳುವುದಿಲ್ಲ. ಮೊಮ್ಮಗಳು ಒಂದು ಮೂಲೆಯಲ್ಲಿ ನಿಂತು 'ಜಡೆ' ಎಂದಳಂತೆ. ಎದುರು ಮೂಲೆಯಿಂದ ಪೋಲೆಂಡಿನ ಹುಡುಗಿ, ಹಾಗೆಂದರೇನು ಎಂದು ಪಿಸುಗುಟ್ಟಿ ಕೇಳಿದಳಂತೆ. ತಲೆಗೂದಲು ಹೆಣೆದದ್ದು ಎಂದು ಹೇಳಿ, ನಮ್ಮಜ್ಜನ ಊರು ಎಂದೂ ಹೇಳಿದಳಂತೆ. ಕತ್ತಲಲ್ಲಿ ಕೂತು ಇದನ್ನು ಕೇಳಿದಾಗ ನನಗೆ ಮಾತು ಹೊರಡಲಿಲ್ಲ.

ಕೇಳುಗರೇ, ಬೊಲೋನ್ಯಾದ ಜಗುಲಿಯ ಮಾತಾಯಿತು. ಆದರೆ ತಲೆಯ ಮೇಲೆ ಸೂರಿದ್ದ ಮಾತ್ರಕ್ಕೆ ಹೊರಗಿನ ಹುಡುಗನಿಗೆ ಧೈರ್ಯ ಬರುವುದಿಲ್ಲ. ದಾರಿಯಲ್ಲಿ ಅವನನ್ನು ಹಿಡಿದರೆ ಯಾರು ಬಿಡಿಸಬೇಕು? ಆ ಕಾಲದಲ್ಲಿ ಒಂದು ಕೆಟ್ಟ ಪದ್ಧತಿಯಿತ್ತು. ಜರ್ಮನಿಯ ವ್ಯಾಪಾರಿಯೊಬ್ಬ ಸಾಲ ಮಾಡಿ ಓಡಿಹೋದ ಎಂದುಕೊಳ್ಳಿ. ಸಾಲ ಕೊಟ್ಟವನು ಆ ದೇಶದ ಇನ್ನೊಬ್ಬನನ್ನು ಹಿಡಿದು ವಸೂಲಿ ಮಾಡುತ್ತಿದ್ದ. ಸಿಕ್ಕಿಬೀಳುತ್ತಿದ್ದವರು ಪಾಪದ ವಿದ್ಯಾರ್ಥಿಗಳು. ಸಾಲ ಮಾಡಿದವನು ಯಾರೋ, ತೆತ್ತವನು ಯಾರೋ. 1158ರಲ್ಲಿ ಕೆಂಪುಗಡ್ಡದ ಚಕ್ರವರ್ತಿ ಎಂದು ಹೆಸರಾದ ಫ್ರೆಡರಿಕ್ ಒಂದು ಶಾಸನ ಹೊರಡಿಸಿದ. ಓದಲಿಕ್ಕಾಗಿ ಊರು ಬಿಟ್ಟು ಹೋಗುವವರು ನಿರ್ಭಯವಾಗಿ ಹೋಗಿ ಬರಲಿ, ಇನ್ನೊಬ್ಬರ ಸಾಲಕ್ಕೆ ಅವರನ್ನು ಹಿಡಿಯಕೂಡದು ಎಂಬುದು ಅದರ ತಿರುಳು. ಈ 1158 ಎಂಬ ಇಸವಿಯನ್ನು ದಯವಿಟ್ಟು ನೆನಪಿಡಿ. ಮುಂದೆ ಬೇಕಾಗುತ್ತದೆ.

ಬೊಲೋನ್ಯಾದ ವಿದ್ಯಾರ್ಥಿಗಳು ತಮ್ಮದೇ ಸಂಘ ಕಟ್ಟಿಕೊಂಡರು. ವಿಶ್ವವಿದ್ಯಾಲಯ ಎಂಬುದಕ್ಕೆ ಅಲ್ಲಿ ಬಳಸುವ ಮಾತಿನ ಮೂಲ ಅರ್ಥವೇ ಸಂಘ ಎಂದು. ಸಂಬಳ ಕೊಡುವವರು ಹುಡುಗರೇ. ಪಾಠಕ್ಕೆ ತಡವಾಗಿ ಬಂದ ಮೇಷ್ಟರಿಗೆ ದಂಡ ಹಾಕುತ್ತಿದ್ದವರೂ ಹುಡುಗರೇ. ಮೂವತ್ತೈದು ವರ್ಷ ಮೇಷ್ಟರಾಗಿದ್ದ ನನಗೆ ಆ ದಂಡ ನ್ಯಾಯವಾಗಿಯೇ ಕಂಡಿತು.

ಈಗ ನಮ್ಮ ಕಡೆಗೆ ಬರೋಣ.

ಅದು 1974ರ ದಸರಾ ರಜೆ. ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಹೊರಟವರು ನಾಲ್ವರು. ಒಬ್ಬ ಬಡಗಿಯ ಮಗ. ಒಬ್ಬ ನೀರಗಂಟಿಯ ಮಗ. ಅವನ ಅಪ್ಪ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವರು. ಮೂರನೆಯವನು ಭಜನಾ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದ. ನಾಲ್ಕನೆಯವನು ನಾನು. ನನಗೆ ಕನ್ನಡ ಪಂಡಿತರ ಪಾಠದ ಹುಚ್ಚು. ಇದ್ದದ್ದು ಎರಡು ಸೈಕಲ್. ಒಂದು ಬಡಗಿಯವರ ಮನೆಯದು, ಇನ್ನೊಂದು ಬಾಡಿಗೆಯದು. ಡಬ್ಬಲ್ ರೈಡ್. ಬುತ್ತಿಯಲ್ಲಿ ಅಕ್ಕಿರೊಟ್ಟಿ, ಗುರೆಳ್ಳು ಚಟ್ನಿಪುಡಿ. ಕೋಳಿ ಕೂಗುವ ಹೊತ್ತಿಗೆ ಜಡೆ ಬಿಟ್ಟು ಆನವಟ್ಟಿಯ ಮೇಲೆ ಹೊರಟೆವು. ಆನವಟ್ಟಿಯ ಕೋಟಿಪುರದಲ್ಲಿ ಕೈಟಭೇಶ್ವರನಿಗೆ ಕೈಮುಗಿದೆವು. ಅದರ ಸಭಾಮಂಟಪ ತುಂಬ ವಿಶಾಲ. ಒಳಗೆ ಹೊಕ್ಕರೆ ಅಕ್ಟೋಬರಿನ ಬಿಸಿಲಲ್ಲೂ ತಣ್ಣಗಿತ್ತು. ಅಲ್ಲಿ ಹೆಚ್ಚು ನಿಲ್ಲಲಿಲ್ಲ. ಬಿಸಿಲೇರುವ ಮುಂಚೆ ತಾಳಗುಂದ ಮುಟ್ಟಬೇಕಿತ್ತು.

ತಾಳಗುಂದ ಶಿರಾಳಕೊಪ್ಪದ ಹತ್ತಿರದ ಚಿಕ್ಕ ಊರು. ಅಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲಿನ ಕಂಬವಿದೆ. ಅದರ ಮೇಲೆ ಅಕ್ಷರಗಳು. ಸಾಲುಗಳು ಅಡ್ಡಕ್ಕಿಲ್ಲ, ಕಂಬದ ಉದ್ದಕ್ಕೆ ಇವೆ. ಪ್ರತಿ ಅಕ್ಷರದ ತಲೆಯ ಮೇಲೂ ಒಂದು ಪುಟ್ಟ ಪೆಟ್ಟಿಗೆ. ಓದಲು ನಮಗೆ ಬರಲಿಲ್ಲ. ಆದರೆ ಅಲ್ಲಿ ಏನಿದೆ ಎಂಬುದನ್ನು ಪಂಡಿತರು ಕ್ಲಾಸಿನಲ್ಲಿ ಹೇಳಿದ್ದರು. ಬರೆದವನು ಕುಬ್ಜ ಎಂಬ ಕವಿ. ಕದಂಬರ ಶಾಂತಿವರ್ಮನ ಕಾಲ. ಅಂದರೆ ಸುಮಾರು 1,550 ವರ್ಷದ ಹಿಂದೆ. ಭಾಷೆ ಸಂಸ್ಕೃತ. ವಿಷಯ ಒಬ್ಬ ವಿದ್ಯಾರ್ಥಿಯ ಪ್ರವಾಸ!

ಆ ವಿದ್ಯಾರ್ಥಿಯ ಹೆಸರು ಮಯೂರಶರ್ಮ. ತಾಳಗುಂದದವನು. ಗುರು ವೀರಶರ್ಮನ ಜೊತೆ ಕಂಚಿಗೆ ಹೊರಟ. ಕಂಚಿ ಪಲ್ಲವರ ರಾಜಧಾನಿ, ಆ ಕಾಲದ ದೊಡ್ಡ ವಿದ್ಯಾನಗರ. ಅಲ್ಲಿಯ ಘಟಿಕೆ ಎಂದರೆ ಉನ್ನತ ವಿದ್ಯೆಯ ಶಾಲೆ. ವೇದವನ್ನೆಲ್ಲ ಅಲ್ಲಿ ಕಲಿತು ಮುಗಿಸಬೇಕೆಂಬುದು ಹುಡುಗನ ಆಸೆ. ಆದರೆ ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಯಿತು. ಹುಡುಗನಿಗೆ ಅವಮಾನವಾಯಿತು. ದರ್ಭೆ, ಸಮಿತ್ತು, ಹೋಮದ ಸೌಟು ಹಿಡಿದ ಕೈಯಲ್ಲಿ ಅವನು ಕತ್ತಿ ಹಿಡಿದ. ಗಡಿ ಕಾಯುವವರನ್ನು ಸೋಲಿಸಿ, ಶ್ರೀಪರ್ವತದ ಕಾಡು ಸೇರಿ, ಪಲ್ಲವರೇ ಒಪ್ಪಿಕೊಳ್ಳುವಂಥ ಅರಸನಾದ. ನಾಲ್ಕನೆಯ ಶತಮಾನದ ಮಾತು ಇದು. ಕನ್ನಡ ನೆಲದ ಕದಂಬ ರಾಜ್ಯ ಹುಟ್ಟಿದ್ದು ಹೀಗೆ.

ನಾವು ಇದನ್ನು ಶೌರ್ಯದ ಕಥೆ ಎಂದು ಓದುತ್ತೇವೆ. ಆ ದಿನ ಕಂಬದ ನೆರಳಲ್ಲಿ ಕೂತು ರೊಟ್ಟಿ ತಿನ್ನುವಾಗ ಬಡಗಿಯ ಮಗ ಬೇರೆ ಮಾತು ಹೇಳಿದ. "ಆ ಸವಾರ ಸ್ವಲ್ಪ ಸರಿದು ದಾರಿ ಬಿಟ್ಟಿದ್ರೆ, ಇವ್ನು ಓದು ಮುಗಿಸ್ಕೊಂಡು ಮನೆಗೆ ಬರ್ತಿದ್ನಪ್ಪ." ಆವಾಗ ನಕ್ಕೆವು. ಈಗ ಅನಿಸುತ್ತದೆ, ಅವನು ಸರಿಯಾಗಿಯೇ ಓದಿದ್ದ. ಒಂದು ದೊಡ್ಡ ನಗರ ಹೊರಗಿನಿಂದ ಬಂದ ಒಬ್ಬ ವಿದ್ಯಾರ್ಥಿಯನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ. ಅದನ್ನು ಆ ಹುಡುಗನ ಊರು ನೂರು ವರ್ಷ ಮರೆಯಲಿಲ್ಲ. ಕಲ್ಲಿನ ಮೇಲೆ ಕೊರೆದು ನಿಲ್ಲಿಸಿತು.

ಇಲ್ಲಿಯವರೆಗೆ ಎರಡು ನಗರಗಳ ಮಾತಾಯಿತು. ಹೊರಗಿನ ಹುಡುಗನಿಗೆ ಕಾನೂನಿನ ರಕ್ಷಣೆಯನ್ನೂ ಜಗುಲಿಯನ್ನೂ ಕೊಟ್ಟ ಬೊಲೋನ್ಯಾ. ಹುಡುಗನನ್ನು ನೋಯಿಸಿ ಕಳಿಸಿದ ಕಂಚಿ. ಈಗ ಮೂರನೆಯದು, ನಾವು ಹೊರಟಿದ್ದ ಬಳ್ಳಿಗಾವಿ.

ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಮುಟ್ಟಿದೆವು. ನಾನು ದೊಡ್ಡ ಪಟ್ಟಣ ಎಂದುಕೊಂಡು ಹೋಗಿದ್ದೆ. ಕಂಡದ್ದು ಹಳ್ಳಿ. ಹೆಂಚಿನ ಮನೆಗಳು, ಹುಲ್ಲಿನ ಬಣವೆಗಳು, ನಡುನಡುವೆ ದೇವಾಲಯ. ಎಲ್ಲಿ ನೋಡಿದರೂ ಅಕ್ಷರದ ಕಲ್ಲು. ಈ ಒಂದು ಊರಿನಲ್ಲೇ ಎಂಬತ್ತಕ್ಕೂ ಹೆಚ್ಚು ಶಾಸನಗಳು ಸಿಕ್ಕಿವೆ. ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಹನ್ನೆರಡು ಸಾವಿರ ಎಂಬ ನಾಡಿನ ರಾಜಧಾನಿ. ಬಳ್ಳಿಗಾವೆ, ಬಳ್ಳಿಪುರ ಎಂದೂ ಹೆಸರು. ದಕ್ಷಿಣ ಕೇದಾರ ಎಂದೂ ಹೊಗಳಿದ್ದಾರೆ.

ನಾವು ನಾಲ್ವರೂ ಒಂದೇ ಊರನ್ನು ನೋಡಲಿಲ್ಲ. ಅದನ್ನು ನಾನು ಹೇಳಲೇಬೇಕು. ಗೆಳೆಯರ ಜೊತೆ ಹಳೆಯ ಊರಿಗೆ ಹೋಗಿ ಎಂದು ಹುಡುಗರಿಗೆ ನಾನು ಯಾವಾಗಲೂ ಹೇಳುವುದು ಇದೇ ಕಾರಣಕ್ಕೆ.

ಬಡಗಿಯ ಮಗ ಕೇದಾರೇಶ್ವರ ದೇವಾಲಯದ ಮಂಟಪ ಬಿಟ್ಟು ಬರಲಿಲ್ಲ. ಅದು ಬಳಪದ ಕಲ್ಲಿನ ಗುಡಿ. ಮೂರು ಗರ್ಭಗುಡಿ. ಕಂಬಗಳು ದುಂಡಗೆ, ನುಣ್ಣಗೆ. ಅಂಗೈಯನ್ನು ಕಂಬದ ಸುತ್ತ ಆಡಿಸಿ, "ಕಟ್ಟಿಗೆ ಕಡೆದಂಗೆ ಕಲ್ಲು ಕಡ್ದಾರೆ ನೋಡ್ರೋ" ಎಂದ. ಅವನಿಗೆ ನಾನು ಪಂಡಿತರಿಂದ ಕೇಳಿದ್ದನ್ನು ಹೇಳಿದೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ಅವರಲ್ಲಿ ದಾಸೋಜ, ಅವನ ಮಗ ಚಾವಣ ಇಬ್ಬರೂ ಬಳ್ಳಿಗಾವಿಯವರು. ಅಪ್ಪ ಮಗ ಇಬ್ಬರೂ ಈ ಊರಿಂದ ಉಳಿ ಸುತ್ತಿಗೆ ಹಿಡಿದು ಬೇಲೂರಿಗೆ ಹೋದವರು. ಬಡಗಿಯ ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಡ್ಕೊಂಡೇ ಹೋಗಿರ್ತಾರೆ" ಎಂದ.

ಮದ್ದಳೆಯವನಿಗೆ ಬೇಕಾದದ್ದು ಅಲ್ಲಮ. ಅಲ್ಲಮಪ್ರಭು ಹುಟ್ಟಿದ್ದು ಬಳ್ಳಿಗಾವಿಯಲ್ಲಿ ಎಂದು ಪರಂಪರೆ ಹೇಳುತ್ತದೆ. ಶೂನ್ಯಸಿಂಹಾಸನ ಏರುವ ಮುಂಚೆ ಅವನು ಮದ್ದಳೆಕಾರ. ಗೆಳೆಯ ದೇವಾಲಯದ ಕಲ್ಲಿನ ಮೆಟ್ಟಿಲ ಮೇಲೆ ಕೂತು ಬೆರಳಲ್ಲೇ ನಾಲ್ಕು ಮಾತ್ರೆ ಬಾರಿಸಿದ. ಅವನು ಈಗಿಲ್ಲ. ಆ ತಾಳ ಮಾತ್ರ ನನ್ನ ಕಿವಿಯಲ್ಲಿದೆ.

ಊರ ನಡುವೆ ಸುಮಾರು 30 ಅಡಿಯ ಒಂಟಿ ಕಂಬ. 1047ರಲ್ಲಿ ಚಾವುಂಡರಾಯ ಎಂಬ ಮಹಾಮಂಡಲೇಶ್ವರ ನಿಲ್ಲಿಸಿದ್ದು. ಅದು ಗಂಡಭೇರುಂಡನ ಕಂಬ. ಇಲ್ಲಿಯ ಗಂಡಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಸರ್ಕಾರಿ ಬಸ್ಸಿನ ಮೇಲೆ ನೋಡಿದ್ದ ಹಕ್ಕಿಯ ಅಜ್ಜ ಎಂದು ನಾವು ಮಾತಾಡಿಕೊಂಡೆವು. ತ್ರಿಪುರಾಂತಕ ದೇವಾಲಯದ ಗೋಡೆಯ ಬುಡದಲ್ಲಿ ಪಂಚತಂತ್ರದ ಕಥೆಗಳ ಸಾಲಿದೆ. ಅವನ್ನು ಮಂಡಿಯೂರಿ ನೋಡಬೇಕು. ಮಕ್ಕಳ ಕಣ್ಣಿನ ಎತ್ತರಕ್ಕೇ ಕೆತ್ತಿದ್ದಾರೆ ಎಂದು ನನಗೆ ಅನಿಸಿತು.

ಇನ್ನು ನೀರಗಂಟಿಯ ಮಗ. ಅವನು ಗುಡಿಯೊಳಗೆ ಹೆಚ್ಚು ಬರಲಿಲ್ಲ. ಕೆರೆಯ ಏರಿ ಹತ್ತಿ ನಿಂತಿದ್ದ. "ಕೋಡಿಯ ಮಠ ಎಲ್ಲೋ?" ಎಂದು ನಾನು ಪುಸ್ತಕದ ಪ್ರಶ್ನೆ ಕೇಳಿದೆ. ಅವನು ಕೆರೆಯ ಪ್ರಶ್ನೆಯಾಗಿ ಬಿಡಿಸಿದ. "ಕೋಡಿ ಎಲ್ಲೈತೆ ನೋಡು. ಅಲ್ಲೇ ಇರ್ಬೇಕು ಮಠ."

ಪಟ್ಟಣದ ಕೇಳುಗರಿಗಾಗಿ ಒಂದು ಮಾತು. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಗೆ ಹರಿಯಲು ಬಿಟ್ಟ ಜಾಗವೇ ಕೋಡಿ. ಏರಿ ಒಡೆಯದಂತೆ ಕಾಯುವುದು ಅದು. ಕೆಳಗಿನ ಊರಿನ ಕೆರೆಗೆ ನೀರು ಹೋಗುವುದೂ ಅದರಿಂದಲೇ. ನಮ್ಮ ಸೀಮೆಯಲ್ಲಿ ಕೆರೆ ಕೋಡಿ ಬಿತ್ತು ಎಂದರೆ ಊರೆಲ್ಲ ನೋಡಲು ಹೋಗುತ್ತದೆ. ಬಳ್ಳಿಗಾವಿಯ ಪ್ರಸಿದ್ಧ ವಿದ್ಯಾಸ್ಥಾನದ ಹೆಸರು ಕೋಡಿಯ ಮಠ. ಕಾಳಾಮುಖ ಶೈವ ಯತಿಗಳು ನಡೆಸುತ್ತಿದ್ದ ಮಠ ಅದು.

ಆ ಮಠದ ಬಗ್ಗೆ ಒಂದು ಶಾಸನವಿದೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಅದನ್ನು ಅಚ್ಚು ಮಾಡಿಸಿದ್ದಾರೆ. ನಾನು ಅದನ್ನು ಓದಿದ್ದು ಮೇಷ್ಟರಾದ ಮೇಲೆ. ಶಾಸನದ ಇಸವಿ 1162. ಬೊಲೋನ್ಯಾದ ಹುಡುಗರಿಗಾಗಿ ಚಕ್ರವರ್ತಿ ಶಾಸನ ಮಾಡಿದ್ದು 1158ರಲ್ಲಿ ಎಂದು ಹೇಳಿದ್ದೆ. ನಡುವೆ ಬರೀ ನಾಲ್ಕು ವರ್ಷ. ಆಗ ಇಲ್ಲಿ ಕಳಚುರಿ ಬಿಜ್ಜಳನ ಆಳ್ವಿಕೆ. ಬಸವಣ್ಣನವರ ಕಾಲದ ಅದೇ ಬಿಜ್ಜಳ. ಮಠದ ಗುರು ವಾಮಶಕ್ತಿ ಪಂಡಿತ.

ಆ ಶಾಸನ ಏನು ಹೇಳುತ್ತದೆ? ಮೊದಲು ಓದಿನ ಮಾತು. ನಾಲ್ಕು ವೇದ, ಅವುಗಳ ಅಂಗಗಳು. ಪಾಣಿನಿ, ಕೌಮಾರ, ಶಾಕಟಾಯನ ಮೊದಲಾದ ವ್ಯಾಕರಣಗಳು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ. ಜೊತೆಗೆ ಬೌದ್ಧ ದರ್ಶನ! ಶೈವ ಮಠದಲ್ಲಿ ಬೌದ್ಧ ದರ್ಶನದ ಪಾಠ. ಯೋಗಶಾಸ್ತ್ರ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಈ ಊರಿನಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಐವರಿಗೂ ಮಠಗಳಿದ್ದವೆಂದು ಇನ್ನೊಂದು ಶಾಸನ ಹೇಳುತ್ತದೆ. ಬೀದಿಯಲ್ಲಿ ದಿನವೂ ಎದುರಾಗುವವರ ಮತವನ್ನು ಮಠದೊಳಗೆ ಕೂತು ಓದಿ ತಿಳಿದುಕೊಳ್ಳುತ್ತಿದ್ದರು.

ಪಾಠದ ಪಟ್ಟಿ ಮುಗಿದ ಮೇಲೆ ಶಾಸನ ನಿಲ್ಲುವುದಿಲ್ಲ. ಊಟದ ಪಟ್ಟಿ ಶುರುವಾಗುತ್ತದೆ. ನನ್ನ ಕಣ್ಣು ತುಂಬಿ ಬಂದದ್ದು ಅಲ್ಲಿ. ದೀನರಿಗೆ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಇಲ್ಲಿ ಅನ್ನವುಂಟು. ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಕುಣಿಯುವವರಿಗೆ ಅನ್ನವುಂಟು. ಬೇರೆ ಬೇರೆ ಮತದ ಸನ್ಯಾಸಿಗಳಿಗೆ, ನಾನಾ ದೇಶದಿಂದ ಬಂದ ಭಿಕ್ಷುಕರಿಗೆ ಅನ್ನವುಂಟು. ನೋಡಿಕೊಳ್ಳುವವರಿಲ್ಲದ ರೋಗಿಗಳಿಗೆ ಔಷಧವುಂಟು. ಬಂದವರಿಗೆಲ್ಲ ಅಭಯವುಂಟು. ತುಂಬಿದ ಕೆರೆಯ ನೀರು ಹೊರಗೆ ಹರಿಯುವ ಕಡೆ ನಿಂತ ಮಠ ಅದು. ನೀರಗಂಟಿಯ ಮಗ ತೋರಿಸದಿದ್ದರೆ ನನಗೆ ಆ ಹೆಸರು ಬರೀ ಹೆಸರಾಗಿಯೇ ಉಳಿಯುತ್ತಿತ್ತು.

ತಾಳಗುಂದದಲ್ಲೂ ಹನ್ನೆರಡನೆಯ ಶತಮಾನದ ಒಂದು ಶಾಸನವಿದೆ. ಅಲ್ಲಿಯ ಅಗ್ರಹಾರದಲ್ಲಿ ವೇದ ಕಲಿಸುವವರಿಗೆ ದತ್ತಿ. ಅದರ ಜೊತೆಯಲ್ಲೇ ಕನ್ನಡ ಅಕ್ಷರ ಕಲಿಸುವವರಿಗೂ ದತ್ತಿ. ವಿದ್ಯಾರ್ಥಿಗಳಿಗೆ ಊಟ, ಅಡಿಗೆಯವರಿಗೆ ಸಂಬಳ. ವಿದ್ಯೆಯ ಲೆಕ್ಕ ಬರೆಯುವಾಗ ಅಡಿಗೆಯವರನ್ನು ಮರೆಯದವರು ಹಾಸ್ಟೆಲ್ಲಿನ ಕಷ್ಟ ಬಲ್ಲವರು.

ಕೇಳುಗರೇ, ಬೊಲೋನ್ಯಾ ಜಗುಲಿ ಕೊಟ್ಟಿತು, ಬಳ್ಳಿಗಾವಿ ಅನ್ನ ಕೊಟ್ಟಿತು ಎಂದೆ. ಎಲ್ಲರಿಗೂ ಕೊಟ್ಟವೇ ಎಂದು ನೀವು ಕೇಳಬೇಕು. ಇಲ್ಲ. ಬೊಲೋನ್ಯಾದಲ್ಲಿ ಲಾರಾ ಬಾಸ್ಸಿ ಎಂಬ ಹೆಣ್ಣುಮಗಳು ಡಿಗ್ರಿ ಪಡೆದು ಪಾಠ ಹೇಳುವ ಹುದ್ದೆಗೆ ಬಂದದ್ದು 1732ರಲ್ಲಿ. ವಿಶ್ವವಿದ್ಯಾಲಯ ಶುರುವಾಗಿ ಆರುನೂರು ವರ್ಷ ಕಳೆದ ಮೇಲೆ. ನಮ್ಮ ಅಗ್ರಹಾರಗಳ ವೇದಪಾಠಕ್ಕೆ ನೀರಗಂಟಿಯ ಮಗ ಹೋಗಿ ಕೂರುವಂತಿರಲಿಲ್ಲ. ಗುಡಿಯೊಳಗೆ ಅವನು ಯಾಕೆ ಹೆಚ್ಚು ಬರಲಿಲ್ಲ ಎಂದು 1974ರಲ್ಲಿ ನಾವು ಮೂವರೂ ಕೇಳಲಿಲ್ಲ. ಕೇಳಬೇಕಿತ್ತು.

ಈಗ ಆ ರಾತ್ರಿಯ ಮಾತು.

ಸಂಜೆ ಹೊರಡುವ ಹೊತ್ತಿಗೆ ಬಾಡಿಗೆ ಸೈಕಲ್ ಪಂಕ್ಚರ್. ಅದರ ಹಿಂದೆಯೇ ಮಳೆ. ಹಿಂಗಾರಿನ ಮಳೆ, ಗುಡುಗು ಸಮೇತ. ಓಡಿಹೋಗಿ ಒಂದು ಮನೆಯ ಜಗುಲಿ ಹತ್ತಿದೆವು. ಒಳಗಿಂದ ಒಬ್ಬ ಅಜ್ಜಿ ಲಾಟೀನು ಹಿಡಿದು ಬಂದರು.

"ಯಾವೂರ ಹುಡುಗ್ರಪ್ಪಾ?"

"ಜಡೆ, ಅಜ್ಜಿ."

"ಓದಾಕ ಬಂದೀರೋ, ನೋಡಾಕ ಬಂದೀರೋ?"

ನಮಗೆ ಉತ್ತರ ತಿಳಿಯಲಿಲ್ಲ. ಮದ್ದಳೆಯವನು, "ಎರಡೂ" ಎಂದ. ಅಜ್ಜಿ ಲಾಟೀನು ಎತ್ತಿ ಅಂಗಳದ ಕಡೆ ನೋಡಿದರು. ಜಗುಲಿಯ ಮೇಲೆ ಇದ್ದದ್ದು ನಾವು ಮೂವರೇ. ನೀರಗಂಟಿಯ ಮಗ ಸೈಕಲ್ ಹಿಡಿದುಕೊಂಡು ಸೂರಿನ ಹನಿಯ ಕೆಳಗೆ ನಿಂತಿದ್ದ. ಹತ್ತಿರಿ ಎಂದು ಯಾರಾದರೂ ಹೇಳುವವರೆಗೂ ಅವನು ಯಾವ ಜಗುಲಿಯನ್ನೂ ಹತ್ತಿದವನಲ್ಲ. ಮನೆಯಲ್ಲಿ ಹಾಗೆ ಕಲಿಸಿದ್ದರು. ಅಜ್ಜಿಗೆ ಗೊತ್ತಾಯಿತು. ಯಾರ ಮಗ ಎಂದು ಕೇಳಲಿಲ್ಲ.

"ನೀ ಯಾಕಪ್ಪ ಮಳಿಯಾಗ ನಿಂತೀ? ಮ್ಯಾಲೆ ಬಾ."

ನಾಲ್ವರೂ ಒಂದೇ ಸಾಲಿನಲ್ಲಿ ಕೂತು ಉಂಡೆವು. ಬಿಸಿ ಅನ್ನ, ಹುರುಳಿಕಟ್ಟಿನ ಸಾರು. ಎರಡು ಕಂಬಳಿ ಕೊಟ್ಟರು. ಇಬ್ಬರಿಗೊಂದು. ರಾತ್ರಿಯಿಡೀ ಮಳೆ. ಬೆಳಗಿನ ಜಾವ ಮಳೆ ನಿಂತಿತು, ಸದ್ದು ನಿಲ್ಲಲಿಲ್ಲ. ನನಗೆ ತಿಳಿಯಲಿಲ್ಲ. ಪಕ್ಕದಲ್ಲಿ ಮಲಗಿದ್ದ ನೀರಗಂಟಿಯ ಮಗ ಕತ್ತಲಲ್ಲೇ, "ಕೋಡಿ ಬಿತ್ತು" ಎಂದ.

ಇಷ್ಟನ್ನು ನಾನು ಆ ರಾತ್ರಿ ಫೋನಿನಲ್ಲಿ ಮೊಮ್ಮಗಳಿಗೆ ಹೇಳಿದೆ. ಅವಳು ಹೊರಗೆ ಕಮಾನಿನ ಕೆಳಗೆ ನಿಂತು ಕೇಳುತ್ತಿದ್ದಳು. ಅವಳ ಹಿಂದೆ ಮಳೆಯ ಸದ್ದು ನನಗೂ ಕೇಳಿಸುತ್ತಿತ್ತು. ಅವಳು ಅದನ್ನು ಗೆಳತಿಗೆ ಇಂಗ್ಲಿಷಿನಲ್ಲಿ ತಿರುಗಿಸಿ ಹೇಳಿದಳು. ಪೋಲೆಂಡಿನ ಹುಡುಗಿ ಒಂದೇ ಪ್ರಶ್ನೆ ಕೇಳಿದಳು. ಆ ನೀರಿನ ಸದ್ದು ಈಗಲೂ ಕೇಳುತ್ತದೆಯೇ?

ಬರುವ ರಜೆಗೆ ನಾಲ್ವರೂ ಜಡೆಗೆ ಬರುತ್ತಾರಂತೆ. ಬಳ್ಳಿಗಾವಿಗೆ ಕರೆದುಕೊಂಡು ಹೋಗಬೇಕಂತೆ. ಬೇಸಿಗೆಗೆ ಬಂದರೆ ಕಲ್ಲು ಮಾತ್ರ ಕಾಣುತ್ತದೆ. ಯಾವಾಗ ಕರೆಸಲಿ? ಅದನ್ನು ಹೇಳಬೇಕಾದವನು ನಾನಲ್ಲ. ಪಟ್ಟಿ ಬಿಚ್ಚಿದ ದಿನ ನೀರಗಂಟಿಯ ಮಗನಿಗೆ ಫೋನು ಮಾಡಿದೆ. ಅವನು ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತನಾಗಿದ್ದಾನೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

"ಮಳೆ ಸರಿಯಾಗಿ ಹಿಡೀಲಿ. ಶ್ರಾವಣದಾಗ ಕರ್ಕೊಂಡು ಬಾ. ಕೋಡಿ ಬಿದ್ದ ರಾತ್ರಿ ನಾನೇ ಫೋನ್ ಮಾಡ್ತೀನಿ."